ಖೀಮಾದ ನೀರು ಇಂಗಲಿ, ಆಲೂಗಡ್ಡೆಯ ಹಬೆ ಆರಲಿ: ಮನೆಯಲ್ಲೇ ಶೆಫರ್ಡ್ಸ್ ಪೈ

ಪ್ರಶ್ನೆ: ನಮ್ಮದು ಹುಬ್ಬಳ್ಳಿ, ಕೇಶ್ವಾಪುರ. ಮಗ ಇಂಗ್ಲೆಂಡಿನಲ್ಲಿ ಎರಡು ವರ್ಷ ಓದಿ ಬಂದಿದ್ದಾನೆ. ಅಲ್ಲಿ ತಿನ್ನುತ್ತಿದ್ದ ಶೆಫರ್ಡ್ಸ್ ಪೈ ಮನೆಯಲ್ಲಿ ಮಾಡು ಅಂತ ಕೇಳುತ್ತಾನೆ. ಎರಡು ಸಲ ಮಾಡಿದೆ. ಎರಡೂ ಸಲ ಕೆಳಗೆ ಖೀಮಾ ಸಾರಿನ ಹಾಗೆ ನೀರಾಯಿತು. ಮೇಲಿನ ಆಲೂಗಡ್ಡೆ ಗೋಂದಿನ ಹಾಗೆ ಅಂಟಂಟಾಗಿ ಒಳಗೆ ಮುಳುಗಿತು. ಬಣ್ಣವೂ ಬರಲಿಲ್ಲ. ರೆಸಿಪಿಯಲ್ಲಿದ್ದ ವೂಸ್ಟರ್ ಸಾಸ್, ಥೈಮ್ ಎರಡೂ ಸಿಗಲಿಲ್ಲ. ಮನೆಯಲ್ಲಿ ಏಳು ಜನ, ಸಣ್ಣ ಓಟಿಜಿ (ಕರೆಂಟಿನ ಓವನ್) ಇದೆ. ಅತ್ತೆಯವರು ಮಾಂಸ ಬಿಟ್ಟು ಹತ್ತು ವರ್ಷವಾಯಿತು. ಅವರಿಗೂ ಇಂಥದ್ದೇ ಏನಾದರೂ ಮಾಡಬೇಕು. ಎಲ್ಲಿ ತಪ್ಪುತ್ತಿದೆ?

ಉತ್ತರ: ಅಕ್ಕಾರೇ, ನೀವು ಹೇಳಿದ ಮೂರೂ ತೊಂದರೆಗೆ ಮುಖ್ಯ ಕಾರಣ ನೀರು. ಖೀಮಾದಲ್ಲಿ ಉಳಿದ ನೀರು ಗ್ರೇವಿಯನ್ನು ಸಾರು ಮಾಡಿತು. ಆಲೂಗಡ್ಡೆಯಲ್ಲಿ ಉಳಿದ ನೀರು ಅದನ್ನು ಮೆತ್ತಗೆ ಮಾಡಿತು; ಅಂಟಿಗೆ ಇನ್ನೊಂದು ಕಾರಣವೂ ಇದೆ, ಮುಂದೆ ಹೇಳುತ್ತೇನೆ. ಎರಡರ ಹಬೆಯೂ ಸೇರಿ ಮೇಲೆ ಬಣ್ಣ ಹಿಡಿಯಲು ಬಿಡಲಿಲ್ಲ. ಮಸಾಲೆ, ಸಾಸ್, ಸೊಪ್ಪು ಎಲ್ಲ ಆಮೇಲಿನ ಮಾತು. ಈ ಅಡುಗೆಯಲ್ಲಿ ನೀವು ಮಾಡಬೇಕಾದ ದೊಡ್ಡ ಕೆಲಸ ಎರಡು ಕಡೆ ನೀರು ಓಡಿಸುವುದು. ಅದಕ್ಕೆ ಸಮಯ ಬೇಕು. ಸಾಮಾನು ತುಂಬಾ ಬೇಕಿಲ್ಲ.

ಮೊದಲು ಇದು ಏನು ಅನ್ನುವುದನ್ನು ಹೇಳಿಬಿಡುತ್ತೇನೆ. ಹೆಸರಿನಲ್ಲಿ ಪೈ ಇದ್ದರೂ ಇದರಲ್ಲಿ ಹಿಟ್ಟಿನ ಹೊದಿಕೆ ಇಲ್ಲ. ಕೆಳಗೆ ಖೀಮಾ, ಮೇಲೆ ಕಿವುಚಿದ ಆಲೂಗಡ್ಡೆ, ಅಷ್ಟೇ. ಈಗ ಅಲ್ಲಿ ಕುರಿಮಾಂಸದ್ದಕ್ಕೆ ಶೆಫರ್ಡ್ಸ್ ಪೈ, ದನದ ಮಾಂಸದ್ದಕ್ಕೆ ಕಾಟೇಜ್ ಪೈ ಅನ್ನುತ್ತಾರೆ. ಕಾಟೇಜ್ ಪೈ ಅನ್ನುವ ಹೆಸರು ಹಳೆಯದು, 1791ರಷ್ಟು ಹಿಂದೆಯೇ ಸಿಗುತ್ತದೆ. ಶೆಫರ್ಡ್ಸ್ ಪೈ ಅನ್ನುವುದು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಭಾನುವಾರ ದೊಡ್ಡ ಮಾಂಸದ ತುಂಡು ಸುಟ್ಟು ತಿಂದು, ಉಳಿದದ್ದನ್ನು ಸೋಮವಾರ ಸಣ್ಣಗೆ ಕೊಚ್ಚಿ ಹೀಗೆ ಮಾಡುತ್ತಿದ್ದರು. ಇದರಲ್ಲಿ ನಮಗೊಂದು ಪಾಠ ಇದೆ. ಹಿಂದಿನ ದಿನ ಸುಟ್ಟ ಮಾಂಸದಲ್ಲಿ ನೀರು ಆಗಲೇ ಹೋಗಿರುತ್ತಿತ್ತು, ಬಣ್ಣ ಆಗಲೇ ಬಂದಿರುತ್ತಿತ್ತು. ನಾವು ಹಸಿ ಖೀಮಾದಿಂದ ಶುರು ಮಾಡುತ್ತೇವೆ. ಹಾಗಾಗಿ ಆ ಕೆಲಸವನ್ನು ಬಾಣಲೆಯಲ್ಲೇ ಮುಗಿಸಬೇಕು.

ಮಟನ್ ಅಂಗಡಿಯಿಂದಲೇ ಶುರು ಮಾಡೋಣ. ಹಾವೇರಿ, ಗದಗ, ಧಾರವಾಡದ ಬಯಲಲ್ಲಿ ಕುರಿ ಹಿಂಡಿಗೆ ಬರವಿಲ್ಲ. ಆದರೆ ಪೇಟೆಯ ಅಂಗಡಿಯಲ್ಲಿ ಮಟನ್ ಅಂದರೆ ಆಡಿನದೂ ಇರುತ್ತದೆ, ಕುರಿಯದೂ ಇರುತ್ತದೆ. ಈ ಅಡುಗೆಗೆ ಕುರಿಯೇ ಬೇಕು ಅಂತ ಕೇಳಿ. ಆಡಿನ ಮಾಂಸದಲ್ಲಿ ಕೊಬ್ಬು ಕಡಿಮೆ, ಖೀಮಾ ಒಣ ಒಣ ಆಗುತ್ತದೆ. ಮುಂಗಾಲಿನ ಭಾಗ ಒಳ್ಳೆಯದು. ಎಲುಬು ಬಿಟ್ಟು ಮುಕ್ಕಾಲು ಕಿಲೋ ಆರು ಜನಕ್ಕೆ ಸಾಕು. ಬಿಡಿಸಿದ ಎಲುಬನ್ನು ಬಿಡಬೇಡಿ, ಕಟ್ಟಿಸಿಕೊಂಡು ಬನ್ನಿ. ಇನ್ನೊಂದು ಮಾತು ಮುಖ್ಯ. ನಮ್ಮಲ್ಲಿ ಖೀಮಾ ಮನೆಗೆ ತಂದು ನಾಲ್ಕು ನೀರಲ್ಲಿ ತೊಳೆಯುವ ರೂಢಿ ಇದೆ ಅಲ್ವಾ? ಅಲ್ಲೇ ನಿಮ್ಮ ಅರ್ಧ ಸಾರು ತಯಾರಾಗುತ್ತದೆ. ಖೀಮಾ ಸ್ಪಂಜಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಅದಕ್ಕೇ ಅಂಗಡಿಯಲ್ಲೇ ಹೇಳಿ: "ತುಂಡು ಇದ್ದಾಗ ತೊಳದು ಒರಸ್ರಿ, ಆಮ್ಯಾಲೆ ಮಷೀನಿಗೆ ಹಾಕ್ರಿ. ಒಂದ ಸಲ ಸಾಕು, ದಪ್ಪ ಇರ್ಲಿ." ಎರಡು ಸಲ ಹಾಕಿದರೆ ಹಿಟ್ಟಾಗುತ್ತದೆ, ಬೆಂದಾಗ ಗಂಟು ಕಟ್ಟುತ್ತದೆ. ತೊಳೆಯದೆ ತಂದು ಮನೆಯಲ್ಲೇ ತೊಳೆಯಬೇಕಾಗಿ ಬಂದರೆ, ಜಾಲರಿಯಲ್ಲಿ ಅರ್ಧ ಗಂಟೆ ಸೋರಲು ಬಿಟ್ಟು ಅಂಗೈಯಲ್ಲಿ ಒತ್ತಿ ಹಿಂಡಿ.

ಎಲುಬಿಗೆ ಎರಡು ಲೋಟ ನೀರು, ನಾಲ್ಕು ಮೆಣಸಿನ ಕಾಳು ಹಾಕಿ ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ ಸೋಸಿಡಿ. ಎಲುಬಿನಿಂದ ಇಳಿಯುವ ಜಿಗುಟು ಗ್ರೇವಿಯನ್ನು ತಾನಾಗಿ ಗಟ್ಟಿ ಮಾಡುತ್ತದೆ. ಈ ರಸ ತಣ್ಣಗಾದಾಗ ಅಲುಗಾಡಿಸಿದರೆ ಸ್ವಲ್ಪ ಮೊಸರಿನ ಹಾಗೆ ನಡುಗಬೇಕು. ಬಳಸುವುದು ಒಂದು ಲೋಟ, ಅಂದರೆ ಸುಮಾರು 250 ಮಿಲಿ ಲೀಟರ್ ಮಾತ್ರ. ಉಳಿದದ್ದನ್ನು ಸೂಪಿನ ಹಾಗೆ ಕುಡಿದುಬಿಡಿ.

ಈಗ ಬಾಣಲೆ. ದಪ್ಪ ತಳದ, ಅಗಲ ಬಾಯಿಯ ಪಾತ್ರೆ ತೆಗೆದುಕೊಳ್ಳಿ. ಕಬ್ಬಿಣದ್ದಾದರೆ ಖೀಮಾ ಹುರಿಯುವ ತನಕ ಮಾತ್ರ, ಹುಣಸೆ ಬೀಳುವ ಹೊತ್ತಿಗೆ ಸ್ಟೀಲಿಗೆ ಬದಲಾಯಿಸಿ. ಒಂದು ಚಮಚ ಎಣ್ಣೆ ಚೆನ್ನಾಗಿ ಕಾಯಲಿ. ಖೀಮಾವನ್ನು ಮೂರು ಭಾಗ ಮಾಡಿ, ಒಂದೊಂದನ್ನೇ ತೆಳ್ಳಗೆ ಹರಡಿ. ಎಲ್ಲ ಒಂದೇ ಸಲ ಸುರಿದರೆ ಶಾಖ ಇಳಿದು ಅದು ತನ್ನದೇ ನೀರಲ್ಲಿ ಬೇಯುತ್ತದೆ. ಮಾಂಸಕ್ಕೆ ಕಂದು ಬಣ್ಣ ಹಿಡಿಯಲು ಸುಮಾರು 140 ಡಿಗ್ರಿ ಶಾಖ ಬೇಕು. ನೀರು ಇರುವ ತನಕ ಅದು 100 ಡಿಗ್ರಿ ದಾಟುವುದೇ ಇಲ್ಲ. ಬಣ್ಣ ಯಾಕೆ ಬರಲಿಲ್ಲ ಅನ್ನುವುದಕ್ಕೆ ಇದೇ ಉತ್ತರ.

ಇಲ್ಲಿ ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಮೊದಲು ಕೊತಕೊತ ಸದ್ದು. ಅದು ನೀರು ಕುದಿಯುವ ಸದ್ದು. ಖೀಮಾ ಬೂದಿ ಬಣ್ಣಕ್ಕೆ ತಿರುಗಿ, ಸುತ್ತ ಮಸುಕು ನೀರು ನಿಲ್ಲುತ್ತದೆ. ಬಹಳ ಜನ ಇಲ್ಲೇ ಬೆಂದಿತು ಅಂದುಕೊಂಡು ಮುಂದೆ ಹೋಗುತ್ತಾರೆ. ಹೋಗಬೇಡಿ. ಸೌಟು ಆಡಿಸದೆ ಸುಮ್ನೆ ನಿಲ್ಲಿ. ನಾಲ್ಕೈದು ನಿಮಿಷಕ್ಕೆ ಕೊತಕೊತ ನಿಂತು ಚರ್‌ಚರ್ ಅನ್ನಲು ಶುರುವಾಗುತ್ತದೆ. ಈಗ ನೀರು ಹೋಗಿ ಕೊಬ್ಬು ಮಾತ್ರ ಉಳಿದಿದೆ. ತಳದಲ್ಲಿ ಕಂದು ಕರೆ ಕಟ್ಟುತ್ತದೆ, ಹುರಿದ ಮಾಂಸದ ಘಮ ಏಳುತ್ತದೆ. ಆಗ ಮಗುಚಿ ಇನ್ನೆರಡು ನಿಮಿಷ ಬಿಟ್ಟು ತೆಗೆಯಿರಿ. ಧಾರವಾಡ ಪೇಢೆಯ ಬಣ್ಣ ನೋಡಿದ್ದೀರಲ್ಲ? ಖೋವಾದ ನೀರು ಇಂಗಿಸಿ, ಬಿಡದೆ ಹುರಿದಾಗಲೇ ಆ ಕಂದು, ಆ ರುಚಿ. ಖೀಮಾಕ್ಕೂ ಅದೇ ತಾಳ್ಮೆ ಬೇಕು.

ಅದೇ ಬಾಣಲೆಯಲ್ಲಿ ಮೂರು ಉಳ್ಳಾಗಡ್ಡಿ, ಎರಡು ಗಜ್ಜರಿ, ಐದಾರು ಎಸಳು ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಹಾಕಿ. ಗದಗ ಕಡೆಯ ಮುಂಗಾರಿನ ಉಳ್ಳಾಗಡ್ಡಿಯಲ್ಲಿ ನೀರು ಜಾಸ್ತಿ. ಅದಾದರೆ ಹದಿನೈದು ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಬಾಡಿಸಬೇಕು. ತಳದ ಕಂದು ಕರೆಯನ್ನು ಅದರ ರಸವೇ ಬಿಡಿಸುತ್ತದೆ. ಎರಡು ಟೊಮೆಟೊ ರುಬ್ಬಿ ಹಾಕಿ, ಎಣ್ಣೆ ಬಿಡುವ ತನಕ ಹುರಿಯಿರಿ. ಒಂದೂವರೆ ಚಮಚ ಮೈದಾ ಉದುರಿಸಿ ಒಂದು ನಿಮಿಷ ಕೈಯಾಡಿಸಿ. ಈಗ ಖೀಮಾ, ಎಲುಬಿನ ರಸ, ಉಪ್ಪು, ಕಾಳುಮೆಣಸಿನ ಪುಡಿ.

ಇನ್ನು ನಿಮಗೆ ಸಿಗದ ಸಾಸಿನ ವಿಷಯ. ಅದು ಇಂಗ್ಲೆಂಡಿನ ವೂಸ್ಟರ್ ಊರಿನದು. ಲೀ ಮತ್ತು ಪೆರಿನ್ಸ್ ಅನ್ನುವ ಇಬ್ಬರು 1837ರಲ್ಲಿ ಮಾರಲು ಶುರು ಮಾಡಿದರು. ಅದರಲ್ಲಿ ಏನಿದೆ ಗೊತ್ತೇ? ವಿನೆಗರ್, ಕಾಕಂಬಿ, ಬೆಳ್ಳುಳ್ಳಿ, ಉಪ್ಪಿನಲ್ಲಿಟ್ಟ ಸಣ್ಣ ಮೀನು, ಜೊತೆಗೆ ನಮ್ಮ ಹುಣಸೆಹಣ್ಣು! ಹುಳಿ ಸಿಹಿ ಎರಡೂ ನಿಮ್ಮ ಅಡುಗೆಮನೆಯಲ್ಲೇ ಇವೆ. ಎರಡು ಚಮಚ ಗಟ್ಟಿ ಹುಣಸೆ ರಸ, ಅಡಿಕೆಯಷ್ಟು ಕಪ್ಪು ಬೆಲ್ಲ, ಅರ್ಧ ಚಮಚ ವಿನೆಗರ್, ಒಂದು ಚಮಚ ಸೋಯಾ ಸಾಸ್ ಕಲಸಿ ಹಾಕಿ. ನಾಲಿಗೆಗೆ ಹುಣಸೆ ಅಂತ ಎದ್ದು ಗೊತ್ತಾಗಬಾರದು. ಮಾಂಸದ ರುಚಿ ಹೆಚ್ಚಿತು ಅನ್ನಿಸಬೇಕು, ಅಷ್ಟೇ ಪ್ರಮಾಣ.

ಥೈಮ್ ಬದಲು ಎರಡು ಬೆರಳಲ್ಲಿ ಹಿಡಿಯುವಷ್ಟು ಅಜವಾನ ಸಾಕು. ಎರಡರ ಘಮಕ್ಕೂ ಕಾರಣವಾದ ಥೈಮಾಲ್ ಅನ್ನುವ ಅಂಶ ಒಂದೇ. ಹಿತ್ತಿಲಲ್ಲಿ ದೊಡ್ಡಪತ್ರೆ ಇದ್ದರೆ ಇನ್ನೂ ಒಳ್ಳೆಯದು, ಎರಡು ಎಲೆ ಸಣ್ಣಗೆ ಹೆಚ್ಚಿ ಹಾಕಿ. ಗರಂ ಮಸಾಲೆ, ಧನಿಯಾ ಪುಡಿ, ಕೊತ್ತಂಬರಿ ಸೊಪ್ಪು ಮಾತ್ರ ಬೇಡ. ಅವನ್ನು ಹಾಕಿದರೆ ಅದು ಒಳ್ಳೆಯ ಖೀಮಾ ಪಲ್ಯ ಆಗುತ್ತದೆ. ನಿಮ್ಮ ಮಗ ಕೇಳಿದ್ದು ಅದಲ್ಲವಲ್ಲ. ಮನೆಯ ಹಿರಿಯರಿಗೆ ಖಾರವಿಲ್ಲದೆ ಸೇರುವುದಿಲ್ಲ ಅಂದರೆ, ಉಳ್ಳಾಗಡ್ಡಿ ಬಾಡಿಸುವಾಗ ಎಣ್ಣೆಯಲ್ಲೇ ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ ಹಾಕಿ. ಅದರಲ್ಲಿ ಖಾರಕ್ಕಿಂತ ಬಣ್ಣ ಜಾಸ್ತಿ, ಆ ಬಣ್ಣ ಬಿಡುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ. ಗ್ರೇವಿ ಚೆಂದದ ಕೆಂಗಂದು ಆಗುತ್ತದೆ.

ಮುಚ್ಚಿ ಸಣ್ಣ ಉರಿಯಲ್ಲಿ ನಲವತ್ತು ನಿಮಿಷ ಬೇಯಿಸಿ. ನಡುವೆ ತಳ ಹಿಡಿಯದಂತೆ ನೋಡಿಕೊಳ್ಳಿ. ಕೊನೆಗೆ ಮುಚ್ಚಳ ತೆಗೆದು ಹತ್ತು ನಿಮಿಷ ಇಂಗಿಸಿ. ಎಷ್ಟು ಇಂಗಬೇಕು ಅಂತ ಎಲ್ಲರೂ ಕೇಳುತ್ತಾರೆ. ಸೌಟಿನಿಂದ ಖೀಮಾದ ನಡುವೆ ಒಂದು ದಾರಿ ಎಳೆಯಿರಿ. ತಳ ಕಾಣಬೇಕು. ಒಂದು, ಎರಡು, ಮೂರು ಎಣಿಸುವ ತನಕ ಆ ದಾರಿ ಹಾಗೇ ನಿಂತು, ಆಮೇಲೆ ನಿಧಾನಕ್ಕೆ ಮುಚ್ಚಿಕೊಳ್ಳಬೇಕು. ಎಳೆದ ಕೂಡಲೇ ನೀರು ತುಂಬಿಕೊಂಡರೆ ಇನ್ನೂ ಇಂಗಲಿ. ದಾರಿ ಮುಚ್ಚಿಕೊಳ್ಳಲೇ ಇಲ್ಲವೆಂದರೆ ಎರಡು ಚಮಚ ರಸ ಸೇರಿಸಿ. ಒಂದು ಹಿಡಿ ಹಸಿ ಬಟಾಣಿಯನ್ನು ಕೊನೆಯ ಐದು ನಿಮಿಷದಲ್ಲಿ ಹಾಕಿ. ಆಮೇಲೆ ಬೇಯಿಸುವ ಪಾತ್ರೆಗೆ ಹಾಕಿ ಅರ್ಧ ಗಂಟೆ ಆರಲು ಬಿಡಿ. ಬಿಸಿ ಖೀಮಾದ ಮೇಲೆ ಆಲೂಗಡ್ಡೆ ಇಟ್ಟರೆ ಮುಳುಗುತ್ತದೆ. ಆರಿದಾಗ ಗ್ರೇವಿ ಬಿಗಿಯುತ್ತದೆ, ಮೇಲಿನ ಭಾರ ಹೊರುತ್ತದೆ.

ಆಲೂಗಡ್ಡೆಗೆ ಬರೋಣ. ನೀವು ಮಿಕ್ಸಿಗೆ ಹಾಕಿದ್ದಿರಿ ಅಂತ ಬರೆದಿಲ್ಲ. ಆದರೆ ಗೋಂದಿನ ಹಾಗೆ ಅಂದಿದ್ದು ಓದಿದಾಗ ನನಗೆ ಅದೇ ಅನುಮಾನ. ನಾನೂ ಮೊದಲ ಸಲ ಹಾಗೇ ಮಾಡಿ ಇಡೀ ಕಿಲೋ ಹಾಳು ಮಾಡಿದ್ದೆ. ಬೆಂದ ಆಲೂಗಡ್ಡೆಯೊಳಗೆ ಪಿಷ್ಟ ಸಣ್ಣ ಸಣ್ಣ ಚೀಲಗಳಲ್ಲಿ ಉಬ್ಬಿ ಕೂತಿರುತ್ತದೆ. ಮಿಕ್ಸಿಯ ಬ್ಲೇಡು ಆ ಚೀಲಗಳನ್ನು ಹರಿದುಹಾಕುತ್ತದೆ, ಪಿಷ್ಟ ಹೊರಗೆ ಬಂದು ಅಂಟಾಗುತ್ತದೆ. ಒಮ್ಮೆ ಹಾಗಾದರೆ ಬೆಣ್ಣೆ ಹಾಕಿದರೂ ಸರಿಹೋಗುವುದಿಲ್ಲ.

ಹಳೆಯ ಆಲೂಗಡ್ಡೆ ಆರಿಸಿ. ಧಾರವಾಡ, ಬೆಳಗಾವಿ ಕಡೆ ಮುಂಗಾರಿನಲ್ಲಿ ಹಾಕಿದ ಬೆಳೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಸದಾಗಿ ಬಂದಾಗ ಸಿಪ್ಪೆ ಉಗುರಿಗೇ ಎದ್ದು ಬರುತ್ತದೆ. ಅದು ಪಲ್ಯಕ್ಕೆ ಬಲು ಚೆನ್ನ, ಇದಕ್ಕೆ ಬೇಡ. ನೀರು ಜಾಸ್ತಿ. ಸಿಪ್ಪೆ ಒರಟಾದ, ಕೈಗೆ ಗಟ್ಟಿ ಹತ್ತುವ ಹಳೆಯ ಗಡ್ಡೆ ಬೇಕು. ಜನತಾ ಬಜಾರಿನಲ್ಲಿ ಕೇಳಿದರೆ ಬೇರೆ ಮಾಡಿ ಕೊಡುತ್ತಾರೆ. ತಂದು ಫ್ರಿಜ್ಜಿನಲ್ಲಿ ಇಡಬೇಡಿ. ತಂಪಿಗೆ ಅದರ ಪಿಷ್ಟ ಸಕ್ಕರೆಯಾಗಿ ಗಡ್ಡೆ ಸಿಹಿಯಾಗುತ್ತದೆ.

ಎಲ್ಲರಿಗೂ ಸೇರಿ 1 ಕಿಲೋ 250 ಗ್ರಾಂ ಸಾಕು. ಕುಕ್ಕರಿನಲ್ಲಿ ನೀರಿಗೆ ಹಾಕಬೇಡಿ. ಸಿಪ್ಪೆ ಸಮೇತ, ತೂತಿನ ತಟ್ಟೆಯಲ್ಲಿಟ್ಟು ಹಬೆಯಲ್ಲಿ ಬೇಯಿಸಿ. ಸಿಪ್ಪೆ ಬಿಸಿ ಇರುವಾಗಲೇ ತೆಗೆಯಿರಿ, ಬಟ್ಟೆಯಲ್ಲಿ ಹಿಡಿದು. ಎರಡು ಹೋಳು ಮಾಡಿ ಅಗಲ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ಮೂರು ನಿಮಿಷ ಅಲುಗಾಡಿಸಿ. ಹಬೆ ಏಳುತ್ತಲೇ ಇರುತ್ತದೆ. ಅಂಚು ಪುಡಿಪುಡಿಯಾಗಿ, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿದಾಗ ಇಳಿಸಿ. ಈಗ ಅದು ಬೆಣ್ಣೆ ಕುಡಿಯಲು ತಯಾರಾಗಿದೆ.

ಕಿವುಚಲು ಇಂಗ್ಲಿಷ್ ಅಡುಗೆಮನೆಯಲ್ಲಿ ತೂತಿನ ಒತ್ತುಯಂತ್ರ ಇರುತ್ತದೆ. ನಿಮ್ಮ ಚಕ್ಕುಲಿ ಒರಳೂ ಅದೇ ಕೆಲಸ ಮಾಡುತ್ತದೆ! ದಪ್ಪ ಸೇವಿನ ಬಿಲ್ಲೆ ಹಾಕಿ, ಬಿಸಿ ಆಲೂಗಡ್ಡೆ ತುಂಬಿ ಒತ್ತಿ. ಶಾವಿಗೆಯ ಹಾಗೆ ಹಗುರಾಗಿ ಬೀಳುತ್ತದೆ, ಒಂದು ಗಂಟೂ ಇರುವುದಿಲ್ಲ, ಚೀಲಗಳೂ ಹರಿಯುವುದಿಲ್ಲ. ಮೊದಲು 75 ಗ್ರಾಂ ಬೆಣ್ಣೆ ಬೆರೆಸಿ. ಆಮೇಲೆ ಕಾಲು ಲೋಟ ಬಿಸಿ ಹಾಲು, ಸ್ವಲ್ಪ ಸ್ವಲ್ಪವಾಗಿ. ತಣ್ಣನೆ ಹಾಲು ಬೇಡ. ಉಪ್ಪು ಹಾಕಿ ಮರದ ಸೌಟಿನಲ್ಲಿ ಹತ್ತು ಸುತ್ತು ತಿರುಗಿಸಿ ನಿಲ್ಲಿಸಿ. ಸೌಟಿನಿಂದ ಜಾರದೆ ಗುಪ್ಪೆಯಾಗಿ ನಿಲ್ಲುವಷ್ಟು ಗಟ್ಟಿ ಇರಬೇಕು. ಅತ್ತೆಯವರ ಪಾಲನ್ನು ಈಗಲೇ ಬೇರೆ ತೆಗೆದಿಡಿ. ಉಳಿದದ್ದಕ್ಕೆ ಬೇಕಾದರೆ ಒಂದು ಮೊಟ್ಟೆಯ ಹಳದಿ ಹಾಕಬಹುದು, ಬಣ್ಣ ಬೇಗ ಬರುತ್ತದೆ. ಡಬ್ಬಿಯಲ್ಲಿ ಸಿಗುವ ಚೀಸ್ ನನಗೆ ಇದಕ್ಕೆ ಹಿಡಿಸುವುದಿಲ್ಲ. ಅದು ಕರಗಿ ರಬ್ಬರಿನ ಪದರವಾಗುತ್ತದೆ, ಕೆಳಗಿನ ಆಲೂಗಡ್ಡೆ ಗರಿಯಾಗುವುದಿಲ್ಲ.

ಸಣ್ಣ ಓಟಿಜಿಗೆ ಒಂಬತ್ತು ಇಂಚು ಅಗಲ, ಎರಡೂವರೆ ಇಂಚು ಆಳದ ಪಾತ್ರೆ ಸರಿಹೋಗುತ್ತದೆ. ಸ್ಟೀಲು ಅಥವಾ ಓವನ್ನಿನ ಗಾಜು ಇರಲಿ. ಅಲ್ಯೂಮಿನಿಯಂ ಕೇಕ್ ಡಬ್ಬಿಗೆ ಹುಣಸೆ, ಟೊಮೆಟೊ ಹುಳಿ ಆಗಿಬರುವುದಿಲ್ಲ. ಆಲೂಗಡ್ಡೆಯನ್ನು ಚಮಚದಲ್ಲಿ ಮೊದಲು ಅಂಚಿನ ಸುತ್ತ ಇಡುತ್ತ ಬನ್ನಿ, ಪಾತ್ರೆಗೆ ಅಂಟಿಕೊಳ್ಳುವ ಹಾಗೆ. ನಡುವಿನದು ಕೊನೆಗೆ. ಅಂಚು ಮುಚ್ಚಿದ್ದರೆ ಗ್ರೇವಿ ಮೇಲೆ ಉಕ್ಕಿ ಬರುವುದಿಲ್ಲ. ಮೇಲೆ ಫೋರ್ಕಿನಿಂದ ನೇಗಿಲು ಹೊಡೆದ ಹಾಗೆ ಗೆರೆ ಎಳೆಯಿರಿ. ಆ ಏರುಗಳೇ ಮೊದಲು ಕೆಂಪಾಗಿ ಗರಿಯಾಗುವುದು. ಅಲ್ಲಲ್ಲಿ ಬೆಣ್ಣೆ ಚೂರು ಇಡಿ.

ಓಟಿಜಿಯನ್ನು 200 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ. ಎಲ್ಲಕ್ಕಿಂತ ಕೆಳಗಿನ ಜಾಲರಿಯಲ್ಲಿ ಪಾತ್ರೆ ಇಡಿ, ಮೇಲಿನ ರಾಡಿಗೂ ಆಲೂಗಡ್ಡೆಗೂ ಎರಡು ಇಂಚಾದರೂ ಅಂತರ ಬೇಕು. ಎರಡೂ ರಾಡು ಹಾಕಿ ಇಪ್ಪತ್ತೈದು ಮೂವತ್ತು ನಿಮಿಷ. ಅಂಚಿನಲ್ಲಿ ಗ್ರೇವಿ ಗುಳುಗುಳು ಅನ್ನುವಾಗ ಮೇಲಿನ ರಾಡು ಮಾತ್ರ ಉಳಿಸಿ ಐದು ನಿಮಿಷ ಬಿಡಿ. ಈ ಐದು ನಿಮಿಷ ಅಲ್ಲೇ ನಿಂತು ನೋಡಬೇಕು. ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಕೂಡಲೇ ಕೊಯ್ದರೆ ಎಷ್ಟು ಚೆನ್ನಾಗಿ ಮಾಡಿದ್ದರೂ ಹರಿದುಹೋಗುತ್ತದೆ.

ಖೀಮಾವನ್ನು ಹಿಂದಿನ ಸಂಜೆಯೇ ಮಾಡಿ ಫ್ರಿಜ್ಜಿನಲ್ಲಿಡಬಹುದು, ರುಚಿ ಇನ್ನೂ ಕೂಡುತ್ತದೆ. ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ. ತಂಪು ಪಾತ್ರೆ ನೇರ ಒಳಗೆ ಹೋದರೆ 45 ನಿಮಿಷ ಬೇಕಾಗುತ್ತದೆ. ಗಾಜಿನದನ್ನು ಮಾತ್ರ ಫ್ರಿಜ್ಜಿನಿಂದ ನೇರ ಬಿಸಿಗೆ ಇಡಬೇಡಿ, ಒಡೆಯುತ್ತದೆ.

ಅತ್ತೆಯವರಿಗೆ ನಾನಾದರೆ ಮಡಿಕೆ ಕಾಳಿನದು ಮಾಡುತ್ತೇನೆ. ಸೋಯಾ ಚಂಕ್ಸ್ ಪುಡಿ ನೋಡಲು ಖೀಮಾದ ಹಾಗೇ ಇರುತ್ತದೆ. ಮಾಂಸ ಬಿಟ್ಟವರಿಗೆ ಮಾಂಸದ ಹಾಗೆ ಕಾಣುವುದನ್ನು ಬಡಿಸುವುದು ನನಗೆ ಸರಿ ಕಾಣುವುದಿಲ್ಲ. ಮಡಿಕೆ ಕಾಳು ನಮ್ಮ ಮಣ್ಣಿನದು, ಅವರಿಗೆ ಗೊತ್ತಿರುವ ರುಚಿ. ಅರ್ಧ ಲೋಟ ಕಾಳು ರಾತ್ರಿ ನೆನೆಸಿ, ಒಡೆಯದ ಹಾಗೆ ಬೇಯಿಸಿ, ನೀರು ಪೂರ್ತಿ ಬಸಿಯಿರಿ. ಬೇರೆ ಬಾಣಲೆಯಲ್ಲಿ ಬೆಣ್ಣೆ, ಕೆಂಪಗೆ ಬಾಡಿಸಿದ ಉಳ್ಳಾಗಡ್ಡಿ, ಗಜ್ಜರಿ, ಟೊಮೆಟೊ, ಅದೇ ಹುಣಸೆ ಬೆಲ್ಲದ ರಸ, ಅಜವಾನ. ಮಾಂಸ ಕೊಡುವ ಆ ಗಾಢ ರುಚಿಯ ಜಾಗಕ್ಕೆ ಒಂದು ಚಮಚ ಗುರೆಳ್ಳು ಪುಡಿ. ಇದು ಇಂಗ್ಲೆಂಡಿನ ಅಡುಗೆಯಲ್ಲಿ ಇಲ್ಲ, ಆದರೆ ಇದರಿಂದ ಕಾಳಿಗೆ ಒಂದು ತೂಕ ಬರುತ್ತದೆ. ಸೌಟಿನ ದಾರಿಯ ಪರೀಕ್ಷೆ ಇಲ್ಲೂ ಅದೇ. ಮುಂದೆ ಎಂದಾದರೂ ಆ ವೂಸ್ಟರ್ ಸಾಸ್ ಸಿಕ್ಕರೆ ಅವರದಕ್ಕೆ ಹಾಕಬೇಡಿ. ಅದರಲ್ಲಿ ಮೀನು ಇರುವುದು ಬಹಳ ಜನಕ್ಕೆ ಗೊತ್ತಿಲ್ಲ.

ಜೊತೆಗೆ ರೊಟ್ಟಿ ಬೇಡ, ಆಲೂಗಡ್ಡೆಯೇ ಹೊಟ್ಟೆ ತುಂಬಿಸುತ್ತದೆ. ಅಲ್ಲಿ ಬೇಯಿಸಿದ ಬಟಾಣಿ, ಕೋಸು ಇಡುತ್ತಾರೆ. ನೀವು ಹಕ್ಕರಕಿ ಸೊಪ್ಪು, ಸೌತೆಕಾಯಿ, ಮೂಲಂಗಿಗೆ ಸ್ವಲ್ಪ ನಿಂಬೆರಸ ಹಿಂಡಿ ಇಡಿ. ಬೆಣ್ಣೆಯ ಜಿಡ್ಡಿಗೆ ಆ ಒಗರು, ಹುಳಿ ಚೆನ್ನಾಗಿ ಹೊಂದುತ್ತದೆ.

ಎರಡು ಪಾತ್ರೆ ಒಟ್ಟಿಗೆ ಹಿಡಿಯದ ಸಣ್ಣ ಓಟಿಜಿ ನಿಮ್ಮದು. ಹಾಗಾಗಿ ಅತ್ತೆಯವರ ಚಿಕ್ಕ ಡಬ್ಬಿಯನ್ನು ಮೊದಲು ಇಡಿ, ಮಾಂಸದ ವಾಸನೆ ಒಳಗೆ ಹಿಡಿಯುವ ಮುಂಚೆಯೇ ಅದು ಬೆಂದು ಹೊರಬರಲಿ. ಇಪ್ಪತ್ತು ನಿಮಿಷ ಸಾಕು. ದೊಡ್ಡದು ಬೇಯುವಾಗ ಅದನ್ನು ಮುಚ್ಚಿಟ್ಟಿರಿ. ಊಟಕ್ಕೆ ಕೂರುವ ಮುನ್ನ ಒಲೆಯ ಮೇಲೆ ಹಂಚು ಇಟ್ಟು, ಅದರ ಮೇಲೆ ಡಬ್ಬಿ ಇಟ್ಟು ಐದಾರು ನಿಮಿಷ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ದೊಡ್ಡ ಪಾತ್ರೆ ಹೊರಗೆ ಬಂದು ಹತ್ತು ನಿಮಿಷ ಆರಬೇಕಲ್ಲ, ಆ ಹೊತ್ತಿಗೆ ಇದೂ ತಯಾರಾಗಿ ಏಳು ತಟ್ಟೆಗೂ ಬಿಸಿಯಾಗಿಯೇ ಬೀಳುತ್ತದೆ.